ಪ್ಲಗ್ ಹೇಳಿದ ಸಾಕ್ಷಿ

ಗಾಡಿಯ ಸದ್ದು ಸರಿಯಾಗಿ ಕೊಸಾರಾಳ ಗೇಟಿನ ಹತ್ತಿರವೇ ನಿಂತಿತು. ಸತತ ಏಳನೆಯ ಭಾನುವಾರ.

ಅಂಗಳದ ಪ್ಲಮ್ ಮರದಡಿ ಕಿವಿಗೊಟ್ಟು ನಿಂತಿದ್ದ ದೆಸಾಂಕಾ ಹಲ್ಲು ಕಡಿದಳು. ಗಂಡ ತಿಹೊಮಿರನ ಬೈಕು ಐವತ್ತೆಂಟರ ಮಾಡೆಲ್, ಅವನಪ್ಪ ಬಿಟ್ಟುಹೋದದ್ದು. ಅದು ಸೇತುವೆ ದಾಟುತ್ತದೆ, ಪೇಟೆ ಸುತ್ತುತ್ತದೆ, ಮಠದ ಗುಡ್ಡವನ್ನು ಮುಕ್ಕಾಲು ಪಾಲು ಏರುತ್ತದೆ. ವಿಧವೆ ಕೊಸಾರಾಳ ಮನೆ ಕಂಡೊಡನೆ ಮಾತ್ರ ಪಾಪ, ಅದಕ್ಕೆ ಸುಸ್ತಾಗುತ್ತದೆ.

"ಪ್ಲಗ್ ಒದ್ದೆಯಾಯ್ತು ಕಣೇ. ಆರೋವರೆಗೂ ಕಾಯ್ಬೇಕಾಯ್ತು," ಎನ್ನುತ್ತಿದ್ದ ತಿಹೊಮಿರ್, ಎರಡು ಗಂಟೆ ತಡವಾಗಿ ಬಂದು. ಅಷ್ಟು ಹೊತ್ತಿನಲ್ಲಿ ಒಗೆದು ಹಾಕಿದ ಕಂಬಳಿಯೂ ಒಣಗುತ್ತದೆ. ಆಮೇಲೆ ಸೂಪು ಕಲಕುತ್ತಾ, ತಲೆ ಎತ್ತದೆ ಕೇಳುತ್ತಿದ್ದ: "ನೀನೇನ್ ಮಾಡ್ತಿದ್ದೆ ಇಷ್ಟೊತ್ತು?"

"ಏನ್ ಮಾಡ್ಲಿ? ಮನೇಲೇ ಇದ್ದೆ."

ಸುಳ್ಳು. ಆದರೆ ಒಳ್ಳೆಯ ಕಾರಣಕ್ಕೆ ಹೇಳಿದ ಸುಳ್ಳು. ದೆಸಾಂಕಾ ಆ ಹೊತ್ತಿನಲ್ಲಿ ನ್ಯಾಯಾಲಯ ನಡೆಸುತ್ತಿದ್ದಳು. ತಪ್ಪು ಪ್ಲಗ್ಗಿನದಾದರೆ ಮೂವತ್ತೊಂದು ವರ್ಷದ ಸಂಸಾರ ಉಳಿಯಿತು. ಪ್ಲಗ್ಗಿನದಲ್ಲವಾದರೆ, ಅವನ ಬಟ್ಟೆ ತುಂಬಿದ ಸೂಟ್‌ಕೇಸು ಮಂಚದ ಕೆಳಗೆ ಸಿದ್ಧವಾಗಿತ್ತು.

ಅವಳು ಭಾನುವಾರದ ರವಿಕೆ ತೊಟ್ಟಳು, ತಲೆ ಬಾಚಿದಳು, ತುಟಿಗೆ ತುಸು ಬಣ್ಣ ಹಚ್ಚಿದಳು. ದಾರಿಯಲ್ಲಿ ಆ ಕೊಸಾರಾ ಎದುರಾದರೆ ಸೋತಂತೆ ಕಾಣಬಾರದಲ್ಲ. ಹಿಂಬಾಗಿಲಿನಿಂದ ಹೊರಟು, ಗುಡ್ಡದ ಬುಡದಲ್ಲಿದ್ದ ಬೊಗೊಸಾವ್ ಮೇಸ್ತ್ರಿಯ ಗ್ಯಾರೇಜಿನ ಕದ ತಟ್ಟಿದಳು. ಭಾನುವಾರ ಯಾರಿಗೂ ತೆಗೆಯದ ಕದ ಅವಳಿಗೆ ತೆರೆಯಿತು.

"ಬನ್ನಿ ಅಕ್ಕಾ, ರೋಗಿ ಹೇಗಿದಾನೆ?"

ಹಿಂದಿನ ದಿನ ತಿಹೊಮಿರ್ ಊಟವಾಗಿ ಗೊರಕೆ ಹೊಡೆಯುವಾಗ ಬಿಚ್ಚಿ ತಂದಿದ್ದ ಪ್ಲಗ್ಗನ್ನು ಅವಳು ಚೀಲದಿಂದ ತೆಗೆದಳು. ಹೊಸದನ್ನು ಹಾಕುವುದೂ ಅದೇ ಗೊರಕೆಯ ಹೊತ್ತಿನಲ್ಲೇ. ಗಂಡನಿಗೆ ಪತ್ತೆಯಾಗುವ ಭಯವಿರಲಿಲ್ಲ. ಅವನು ಟ್ಯಾಂಕನ್ನು ಮುಖ ಕಾಣುವಂತೆ ಉಜ್ಜುವವನೇ ಹೊರತು, ಎಂಜಿನ್ನಿಗೆ ಕೈ ಹಾಕಿದವನಲ್ಲ. ಎಂಜಿನ್ನಿನ ವಿಷಯದಲ್ಲಿ ಅವನು ಮಾಡುತ್ತಿದ್ದುದು ಭಾಷಣ ಮಾತ್ರ.

ಒಳಗೆ ಬೆಳಕು ಸಾಲದೆಂದು ಮೇಸ್ತ್ರಿ ಅಂಗಳಕ್ಕೆ ಬಂದ. ಒಂದೇ ಭೂತಗನ್ನಡಿಯಲ್ಲಿ ಇಬ್ಬರೂ ತಲೆಗೆ ತಲೆ ತಾಗಿಸಿ ಪ್ಲಗ್ಗಿನ ತುದಿ ನೋಡಿದರು.

"ಬೆಳ್ಳಗಾಗಿದೆ ನೋಡಿ. ತೀರಾ ಬಿಸಿ ಪ್ಲಗ್ ಹಾಕಿದೀವಿ, ಕಾವು ಹಿಡಿದಿಟ್ಕೊಳ್ಳೋ ಜಾತೀದು. ಅದಕ್ಕೆ ಮುಂಚೆ ಹಾಕಿದ್ದು ತಣ್ಣಗಿನದು, ಮಸಿ ಹಿಡೀತು. ಕಾಫಿ ಬಣ್ಣ ಬರ್ಬೇಕು, ಹಾಲು ಹಾಕಿದ ಕಾಫಿ. ಹಾಗೆ ಬಂತೂ ಅಂದ್ರೆ ಪ್ಲಗ್ ನಿರಪರಾಧಿ."

"ಡಬ್ಬಿ ಮೇಲೆ ದೊಡ್ಡ ಅಂಕೆ ಇದ್ರೆ ಬಿಸಿ ಅಂದಿದ್ರಿ?"

"ಆ ಕಂಪನಿದಕ್ಕೆ ಹಾಗೆ. ಈ ಕಂಪನಿದಕ್ಕೆ ದೊಡ್ಡ ಅಂಕೆ ಅಂದ್ರೆ ತಣ್ಣಗೆ."

"ಗಂಡಸರು ಕೂತು ಮಾಡಿದ ಲೆಕ್ಕ ಅಂತ ಬೇರೆ ಹೇಳ್ಬೇಕಾ!" ಎಂದಳು ದೆಸಾಂಕಾ. ಮೇಸ್ತ್ರಿ ಗಹಗಹಿಸಿ ನಕ್ಕ. ಅವಳಿಗೂ ನಗು ಬಂತು, ಏಳು ವಾರದಲ್ಲಿ ಮೊದಲ ಸಲ.

ತಲೆ ಎತ್ತಿದಾಗ ಗುಡ್ಡದ ಮೇಲಿನ ಕೊಸಾರಾಳ ಬಾಲ್ಕನಿ ಕಣ್ಣಿಗೆ ಬಿತ್ತು. ಕೆಂಪು ಹೂಕುಂಡಗಳ ನಡುವೆ ಏನೋ ಫಳ್ಳನೆ ಹೊಳೆಯಿತು. ಕನ್ನಡಿ! ಕಂಡವರ ಗಂಡನನ್ನು ಕೂರಿಸಿಕೊಂಡು ಸಿಂಗಾರ ಬೇರೆ.

ಮೇಸ್ತ್ರಿ ಅವಳ ಅಂಗೈಯಲ್ಲಿ ಆರನೆಯ ಪ್ಲಗ್ ಇಟ್ಟು, ಬೆರಳು ಮಡಚಿದ. "ಇದು ಸರಿಹೋಗುತ್ತೆ ಅಕ್ಕಾ. ಹೋಗದಿದ್ರೆ ನನ್ನ ಮೀಸೆ ಬೋಳಿಸ್ತೀನಿ."

ಅದನ್ನು ಶನಿವಾರ ಹಾಕಿದಳು. ಕೆಟ್ಟ ಐದನ್ನು, ಗಂಡಸರು ಎಂದೂ ಕೈಯಿಡದ ಜಾಗವೆಂದು, ಹಿಟ್ಟಿನ ಡಬ್ಬಿಯಲ್ಲಿ ಬಚ್ಚಿಟ್ಟಿದ್ದಳು.

ಎಂಟನೆಯ ಭಾನುವಾರ ಗಾಡಿ ಹಾಡುತ್ತಾ ಹೊರಟಿತು. ಒಂದು ಕೆಮ್ಮಿಲ್ಲ, ಬಿಕ್ಕಿಲ್ಲ. ಸೇತುವೆ ದಾಟಿತು, ತಿರುವು ಹತ್ತಿತು. ದೆಸಾಂಕಾ ಎಂದೂ ದೇವರಿಗೆ ಹಾಗೆ ಬೇಡಿಕೊಂಡಿರಲಿಲ್ಲ: ದಾಟಿ ಹೋಗಲಿ, ಒಂದು ಸಲ ಆ ಗೇಟು ದಾಟಿ ಹೋಗಲಿ.

ಸದ್ದು ನಿಂತಿತು.

ಈ ಸಲ ಅವಳು ಮೇಸ್ತ್ರಿಯ ಕಡೆ ತಿರುಗಲಿಲ್ಲ. ಪ್ಲಗ್ ಬಿಚ್ಚುವ ಪಾನಾ ಏಪ್ರನ್ನಿನ ಜೇಬಿಗೆ ಹಾಕಿಕೊಂಡು, ಮರಗಳ ಮರೆಯ ಕಾಲುದಾರಿ ಹಿಡಿದು, ಏದುಸಿರು ಬಿಡುತ್ತಾ ನೇರ ಗುಡ್ಡ ಹತ್ತಿದಳು. ಗೇಟಿನ ಮುಂದೆ ಗಾಡಿ ಒರಗಿತ್ತು. ಬಟ್ಟೆ ಸುತ್ತಿ ಸುಡುತ್ತಿದ್ದ ಪ್ಲಗ್ ಬಿಚ್ಚಿ ಬೆಳಕಿಗೆ ಹಿಡಿದಳು.

ಹಾಲು ಹಾಕಿದ ಕಾಫಿ.

ಇನ್ನು ವಿಚಾರಣೆ ಏನೂ ಉಳಿದಿರಲಿಲ್ಲ. ಕಣ್ಣು ಮಂಜಾಯಿತು. ಅವಳು ಅತ್ತಳು, ಎರಡೇ ನಿಮಿಷ. ಮೂಗು ಒರೆಸಿಕೊಂಡು ಬಾಗಿಲು ತಟ್ಟಿದಳು.

ಕೊಸಾರಾ ತೆರೆದಳು. ಸಿಂಗಾರವಿಲ್ಲ, ಹಳೆಯ ಚಪ್ಪಲಿ, ಕೈತುಂಬ ಟೊಮೇಟೊ ರಸ. ಬಂದವಳು ಯಾರೆಂದು ನೋಡಿ ಬೆಚ್ಚಿದಳು. ಆದರೂ ರೂಢಿ ಬಿಡಲಿಲ್ಲ: ಒಂದು ಚಮಚ ಹಣ್ಣಿನ ಪಾಕ, ಒಂದು ಲೋಟ ನೀರು ತಂದು ಚಾಚಿದಳು. "ಮೊದ್ಲು ಬಾಯಿ ಸಿಹಿ ಮಾಡ್ಕೊಳ್ಳಿ ದೆಸಾಂಕಾ. ನಂಗೂ ಅವರಿಗೆ ಹೇಳಿ ಹೇಳಿ ಸಾಕಾಯ್ತು. ಬಾಲ್ಕನೀಲಿದಾರೆ."

ದೆಸಾಂಕಾ ಪಾಕ ಮುಟ್ಟದೆ ಒಳನುಗ್ಗಿದಳು.

ಹೂಕುಂಡಗಳ ನಡುವೆ, ಕೊಸಾರಾಳ ಸತ್ತ ಗಂಡನ ಬೇಟೆಯ ದುರ್ಬೀನು ಕಣ್ಣಿಗಿಟ್ಟುಕೊಂಡು, ತಿಹೊಮಿರ್ ಬೊಗೊಸಾವ್ ಮೇಸ್ತ್ರಿಯ ಅಂಗಳ ನೋಡುತ್ತಾ ಕೂತಿದ್ದ. ಹೆಜ್ಜೆ ಸದ್ದು ಕೇಳಿದರೂ ತಿರುಗಲಿಲ್ಲ. ಅವನ ಧ್ವನಿ ಒಡೆದಿತ್ತು.

"ಇವತ್ತಿನ್ನೂ ಬಂದಿಲ್ಲ ಕೊಸಾರಾ, ತುಟಿಗೆ ಬಣ್ಣ ಹಚ್ಚೋದು ಲೇಟಾಗಿರ್ಬೇಕು. ಎರಡನೇ ವಾರ ಗಾಡಿ ನಿಜವಾಗ್ಲೂ ಕೆಟ್ಟು ಇಲ್ಲಿ ಕೂತಾಗ ಕಣ್ಣಿಗೆ ಬಿದ್ಲಲ್ಲ, ಅವತ್ತಿಂದ ಒಂದು ಭಾನುವಾರನೂ ತಪ್ಸಿಲ್ಲ ಅವಳು. ಇವತ್ತು ಬೆಳಿಗ್ಗೆ ಹಿಟ್ಟಿನ ಡಬ್ಬೀಲಿ ಐದು ಪ್ಲಗ್ ಸಿಕ್ತು. ಒಂದೇ ಪ್ಲಗ್ಗಿನ ಗಾಡಿ ಕಣಮ್ಮ ನಂದು. ಮೇಸ್ತ್ರಿ ಮುಖ ನೋಡೋಕಲ್ದೆ, ಐದೈದು ಪ್ಲಗ್ ಯಾವ ಹೆಂಗಸಿಗೆ ಬೇಕು, ನೀನೇ ಹೇಳು?"