ಒಂದು ಬಿಂದಿಗೆ ಸೋಸಿದ ನೀರು

ಪುಟ್ಟಗೌರಮ್ಮ ಮಡಕೆಯ ನಲ್ಲಿ ತಿರುಗಿಸಿ ಡೇರಿಯ ದಾಸಯ್ಯನಿಗೂ ಒಂದು ಲೋಟ ತುಂಬಿಕೊಟ್ಟಾಗ ಸೊಸೆ ಸುನಿತಾಳ ಹೊಟ್ಟೆ ಉರಿದುಹೋಯಿತು.

"ಕುಡ್ದು ನೋಡು ದಾಸಯ್ಯ. ಭತ್ತದೊಟ್ಟಿನ ಬೂದಿ, ಇಟ್ಟಿಗೆ ಚೂರು, ಅಷ್ಟೇಯ. ಹಲ್ ಕೆಡ್ಸೋ ಫ್ಲೋರೈಡ್ನೆಲ್ಲ ಇಡ್ಕೊಂಬುಡ್ತದೆ!"

ಊರಿನ ಶುದ್ಧ ನೀರಿನ ಘಟಕ ಕೆಟ್ಟು ಕೂತ ಮೇಲೆ ಕಾಲೇಜಿನವರು ಪರೀಕ್ಷೆಗೆಂದು ಇಟ್ಟುಹೋದ ಮಡಕೆ ಅದು. ಊರಿಗೆ ಒಂದೇ. ದಿನವಿಡೀ ತೊಟ್ಟಿಕ್ಕಿದರೂ ಒಂದು ಬಿಂದಿಗೆ ತುಂಬಿದರೆ ಹೆಚ್ಚು. ಗಂಡನ ಕಂದು ಹಲ್ಲು, ಅತ್ತೆಯ ಬಾಗದ ಮಂಡಿ ನೋಡಿ ನೋಡಿ ಹೆದರಿದ್ದ ಸುನಿತಾ ಅದನ್ನು ಗೋಗರೆದು ಮನೆಗೆ ತರಿಸಿದ್ದು ಮಗಳು ಮಾನಸಳಿಗಾಗಿ. ಮಗುವಿಗೆ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುವ ಕಾಲ. ಆದರೆ ಮಡಕೆ ನೋಡಲು ಬಂದವರಿಗೆಲ್ಲ ಅತ್ತೆ ಕುಡಿಸಿ ಕಳಿಸುತ್ತಿದ್ದಳು. ಶಾಲೆಯಿಂದ ಬಂದ ಮಗುವಿಗೆ ಮತ್ತದೇ ಫ್ಲೋರೈಡ್ ತುಂಬಿದ ಬೋರ್‌ವೆಲ್ ನೀರು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದುಕೊಳ್ಳುತ್ತ ಸುನಿತಾ ಒಳಗೂ ಹೊರಗೂ ತಿರುಗಿದಳು.

ದಾಸಯ್ಯ ಅತ್ತ ಹೋದದ್ದೇ ತಡ, "ಅತ್ತೆ, ಮಗೀಗೆ ಒಸಿ ಉಳೀಲಿ" ಎಂದಳು.

"ನೀರ್ ಕೇಳ್ದೋರ್ಗೆ ಇಲ್ಲ ಅಂದ್ರೆ ಮನೆಗೆ ಏಳ್ಗೆ ಆದದಾ?"

ಅಷ್ಟರಲ್ಲಿ ಬಸ್ಸಿಳಿದು ಬಿಸಿಲಲ್ಲಿ ನಡೆದು ಬಂದ ಸುನಿತಾಳ ಅಪ್ಪ ಚಿಕ್ಕಸ್ವಾಮಿ ಜಗುಲಿ ಮೇಲೆ ಕುಸಿದು ಕೂತ. ಅಕ್ಕಿಹೆಬ್ಬಾಳಿನಲ್ಲಿ ಹೇಮಾವತಿ ನೀರು ಕುಡಿದು ಬೆಳೆದ ಜೀವ. "ಒಸಿ ನೀರ್ ಕೊಡವ್ವ" ಎಂದ.

ಸುನಿತಾ ಚೊಂಬು ಹಿಡಿದು ಮಡಕೆಯ ಹತ್ತಿರ ಹೋದಳು. ಉಳಿದದ್ದು ಒಂದು ಚೊಂಬಿನಷ್ಟು. ಶಾಲೆ ಬಿಡುವ ಹೊತ್ತು ಬೇರೆ. ಅತ್ತೆ ಇತ್ತಲೇ ನೋಡುತ್ತಿದ್ದಳು. ಅಪ್ಪನಿಗೆ ಇದನ್ನು ಕೊಟ್ಟರೆ ನಾಳೆ ಯಾವ ಬಾಯಲ್ಲಿ ಅತ್ತೆಗೆ ಬೇಡವೆನ್ನುವುದು? ಹಿತ್ತಲಿಗೆ ಹೋಗಿ ಬೋರ್‌ವೆಲ್ ನೀರು ತಂದುಕೊಟ್ಟಳು. ಚಿಕ್ಕಸ್ವಾಮಿ ಮೊದಲ ಗುಟುಕಿಗೇ ಮುಖ ಸಿಂಡರಿಸಿದ. ಮಗಳ ಮುಖ ನೋಡಿದವನು ಉಳಿದದ್ದನ್ನೂ ಕುಡಿದ.

"ಅಯ್ಯೋ, ಬೀಗ್ರಿಗೆ ಬೋರ್ ನೀರಾ? ಮಾನ ಕಳ್ದೆಯಲ್ಲಮ್ಮಿ!" ಪುಟ್ಟಗೌರಮ್ಮ ಗೋಡೆ ಹಿಡಿದು ಎದ್ದು, ತಾನೇ ಲೋಟ ತೆಗೆದುಕೊಂಡು ಮಡಕೆಯತ್ತ ಬಂದಳು.

ಸುನಿತಾ ನಲ್ಲಿಯನ್ನು ಅದುಮಿ ಹಿಡಿದಳು. ಕಣ್ಣಲ್ಲಿ ನೀರು ತುಂಬಿತ್ತು.

"ನಮ್ಮಪ್ಪಂಗೇ ಇಲ್ಲ ಅಂದಿವ್ನಿ ಕಣತ್ತೆ. ಇನ್ ಯಾರ್ಗೆ ಬೇಕಾದ್ರೂ ಅಂತೀನಿ."