ಗಡ್ಡಿಗೆ ಬಂದ ಬೀಗರು

ದೋಣಿ ಆಚೆ ದಡ ಬಿಟ್ಟಿತು ಎಂದು ನೆರೆಮನೆಯ ಭಾಗಮ್ಮ ಕೂಗಿದಾಗ ಯಶೋದಾಬಾಯಿ ಇನ್ನೂ ಸೀರೆಯ ನೆರಿಗೆ ಹಿಡಿಯುತ್ತಿದ್ದಳು. ಸೀರೆ ಭಾಗಮ್ಮನದು. ಅಂಗಳದ ಕುರ್ಚಿಗಳು ದೋಣಿಯ ಭೀಮಶಾನ ಮನೆಯವು. ಚಹಾದ ಕಪ್ಪು-ಬಸಿ ಇನ್ನೊಬ್ಬರ ಮನೆಯವು. ಮಗ ಶ್ರೀಮಂತ ಒಬ್ಬ ಮಾತ್ರ ಅವಳ ಸ್ವಂತದವನು. ಅವನು ತೊಟ್ಟ ಅಂಗಿಯೂ ಬೇರೆಯವರದು.

ಬಸವಕಲ್ಯಾಣಕ್ಕೂ ಹುಮನಾಬಾದಿಗೂ ನಡುವೆ ಹಳ್ಳಕ್ಕೆ ಒಡ್ಡು ಕಟ್ಟಿದಾಗ ಊರು ಮುಳುಗಿತು, ದಿಬ್ಬ ಉಳಿಯಿತು. ದಿಬ್ಬದ ಮೇಲಿನ ಹೊಲ ಬಿಡಲಾರದೆ ಒಂಬತ್ತು ಮನೆಗಳು ಅಲ್ಲೇ ಉಳಿದವು. ಹೊರಗಿನವರು ಅದನ್ನು ನಡುಗಡ್ಡೆ ಎನ್ನುತ್ತಾರೆ, ಇರುವವರಿಗೆ ಬರೀ ಗಡ್ಡಿ. ಗಡ್ಡಿಯ ಹೆಣ್ಣುಮಕ್ಕಳೆಲ್ಲ ಮದುವೆಯಾಗಿ ದೋಣಿ ಹತ್ತಿ ಹೋದರು. ಸೊಸೆಯಾಗಿ ಇಳಿದವಳು ಮಾತ್ರ ಹತ್ತು ವರ್ಷದಿಂದ ಒಬ್ಬಳೂ ಇಲ್ಲ. ಹೋದ ಬೇಸಿಗೆಯಲ್ಲಿ ಮನೆ ನೋಡಲು ನಿರ್ಣಾ ಊರಿನಿಂದ ಹೊರಟವರು ಆಚೆ ದಡದಲ್ಲೇ ನಿಂತು ನೀರು ನೋಡಿ, ಹಾಗೇ ಬಂದ ದಾರಿ ಹಿಡಿದಿದ್ದರು.

ಆದ್ದರಿಂದ ಈ ಸಲ ಒಂಬತ್ತು ಮನೆಯವರೂ ಕಲೆತು ಕೂತು, ಹೇಳಬೇಕಾದ ಸುಳ್ಳುಗಳನ್ನು ಹಂಚಿಕೊಂಡಿದ್ದರು. ಇದು ಶ್ರೀಮಂತನೊಬ್ಬನ ಮದುವೆಯಲ್ಲ. ಒಬ್ಬಳು ಬಂದು ಬಾಳಿದರೆ ಉಳಿದ ಮನೆಗಳಿಗೂ ಹೆಣ್ಣು ಸಿಕ್ಕೀತು.

ಹುಡುಗಿ ರಾಜೇಶ್ವರ ಊರಿನವಳು, ಹೆಸರು ಶೀತಲ. ಅಪ್ಪ ತುಳಜಾರಾಮನಿಗೆ ಕಿರಾಣಿ ಅಂಗಡಿ. ಯಶೋದಾಬಾಯಿ ಹೋಗಿ ಹುಡುಗಿಯನ್ನು ನೋಡಿ ಬಂದಿದ್ದಳು. ಕೂತಷ್ಟು ಹೊತ್ತೂ ಅವಳು ತಲೆ ಎತ್ತಲಿಲ್ಲ, ಬಾಯಿ ಬಿಡಲಿಲ್ಲ. ಮುಂಬಾಗಿಲಲ್ಲಿ ಒಬ್ಬ ಚಿಕ್ಕಪ್ಪ, ಹಿತ್ತಲ ಬಾಗಿಲಲ್ಲಿ ಇನ್ನೊಬ್ಬ, ಎಷ್ಟು ಹೇಳಿದರೂ ಕೂರದೆ ನಿಂತೇ ಇದ್ದರು. ಎಂಥ ಮರ್ಯಾದಸ್ತ ಮನೆತನ ಎಂದುಕೊಂಡಿದ್ದಳು. ಅಂಥವರು ಗಡ್ಡಿಯ ಕಡೆ ಕಣ್ಣು ಹಾಯಿಸಿದ್ದೇ ಅವಳಿಗೆ ಸೋಜಿಗ.

ತುಳಜಾರಾಮ ಒಬ್ಬನೇ ಬಂದ. ಹೊಲ ಕೇಳಲಿಲ್ಲ, ಎಮ್ಮೆ ಕೇಳಲಿಲ್ಲ. ಕುರ್ಚಿಯಲ್ಲಿ ಕೂತವನೇ ನೀರಿನ ಕಡೆ ನೋಡಿದ.

“ದೋಣಿ ಎಷ್ಟವರಿ?”

“ಎರಡವರಿ. ಇನ್ನೊಂದು ರಿಪೇರಿಗೆ ಹೋಗ್ಯದ,” ಭೀಮಶಾ ತನ್ನ ಪಾಲಿನ ಸುಳ್ಳು ಹೇಳಿದ.

“ಹೊತ್ತು ಮುಳುಗಿದ ಮ್ಯಾಲ?”

“ಯಾವಾಗ ಕೂಗಿದ್ರೂ ಬರ್ತೀನ್ರಿ.”

“ಯಾರು ಕೂಗಿದ್ರೂ?”

“ಯಾರು ಕೂಗಿದ್ರೂ.”

ತುಳಜಾರಾಮನ ಮುಖ ಸಣ್ಣದಾಯಿತು. ಬ್ರಿಜ್ ಮಂಜೂರಾಗಿದೆ, ಬರುವ ವರ್ಷ ಬಸ್ಸು ಇಲ್ಲಿಗೇ ಬರುತ್ತದೆ ಎಂದು ಭಾಗಮ್ಮ ಸೇರಿಸಿದಳು. ಅವನು ಕೈಯಲ್ಲಿದ್ದ ಚಹಾವನ್ನು ಕುಡಿಯದೆ ಕೆಳಗಿಟ್ಟ. ಟವೆಲ್ಲು ಹೆಗಲಿಗೆ ಹಾಕಿಕೊಂಡು ಎದ್ದ.

ಸುಳ್ಳು ಹಿಡಿದುಬಿಟ್ಟ ಎಂದುಕೊಂಡಳು ಯಶೋದಾಬಾಯಿ. ಕಂಬಕ್ಕೆ ಆತು ನಿಂತಿದ್ದ ಶ್ರೀಮಂತ ನೆಲ ನೋಡುತ್ತಿದ್ದ. ಅವನ ತಲೆಯಲ್ಲಿ ಬಿಳಿ ಕೂದಲು ಬಂದಿದ್ದವು. ಇದೂ ಹೋಯಿತು. ಹೋಗುವುದಾದರೆ ಸುಳ್ಳಾಡಿ ಯಾಕೆ ಕಳೆದುಕೊಳ್ಳಬೇಕು?

“ಬೀಗರ, ಕುಂದರ್ರಿ,” ಎಂದಳು. “ಇವರು ಹೇಳಿದ್ದು ಖರೆ ಅಲ್ಲ. ಇರೋದು ಒಂದೇ ದೋಣಿ. ಹೊತ್ತು ಮುಳುಗಿದ್ರ ಅದೂ ಇಲ್ಲ. ಬ್ರಿಜ್ ಬರೋದಿಲ್ಲ. ಫೋನ್ ಹತ್ತೋದಿಲ್ಲ. ನಮ್ಮ ಮನಿಯವ್ರಿಗಿ ಎದಿ ನೋವು ಬಂದಾಗ ಬೆಳಗಾಗಲಿ ಅಂತ ಕುಂತೇವ್ರಿ. ಬೆಳಗಾಯ್ತು, ಅವರು ಇರಲಿಲ್ಲ.”

“ಸುಮ್ಮಕಿರು ಯಶೋದಕ್ಕಾ!” ಭಾಗಮ್ಮ ಅವಳ ತೋಳು ಚಿವುಟಿದಳು.

ತುಳಜಾರಾಮ ಅವಳನ್ನೇ ನೋಡಿದ. ನಿಧಾನವಾಗಿ ಮತ್ತೆ ಕೂತ.

“ಇಲ್ಲಿ ಹೆಣ್ಮಕ್ಕಳಿಗಿ ಈಜು ಬರ್ತದೇನ್ರಿ?”

“ಒಬ್ಬರಿಗೂ ಬರೋದಿಲ್ರಿ,” ಯಶೋದಾಬಾಯಿ ನಾಚಿಕೆಯಿಂದ ಹೇಳಿದಳು.

ಅವನು ಕೆಳಗಿಟ್ಟ ಕಪ್ಪನ್ನು ಎತ್ತಿಕೊಂಡ. ಆರಿ ಕೆನೆಗಟ್ಟಿದ ಚಹಾವನ್ನು ಪೂರ್ತಿ ಕುಡಿದ.

“ಖರೆ ಮಾತು ಹೇಳಿದ್ರಿ ಅಕ್ಕಾರ. ನನಗ ಇಂಥಾ ಮನೀನೇ ಬೇಕಾಗಿತ್ತು. ಸಕ್ಕರಿ ತರ್ರಿ.”

ಆಮೇಲೆ ಗಡ್ಡಿಯಲ್ಲಿ ಯಾರ ಕಾಲೂ ನೆಲದ ಮೇಲೆ ನಿಲ್ಲಲಿಲ್ಲ. ಒಂಬತ್ತು ಮನೆಯ ಹಿರಿಯರೂ ಸಾಲಾಗಿ ಕೂತರು. ತುಳಜಾರಾಮ ಶ್ರೀಮಂತನ ಹಣೆಗೆ ಕುಂಕುಮವಿಟ್ಟ. ಎಲ್ಲರ ಅಂಗೈಗೂ ಸಕ್ಕರೆ ಬಿತ್ತು, ಎಲ್ಲರ ಬಾಯಿಯೂ ಸಿಹಿಯಾಯಿತು. ಹಾಗೆ ಕೊಟ್ಟ ಮಾತನ್ನು ಈ ಸೀಮೆಯಲ್ಲಿ ಯಾರೂ ತಿರುಗಿ ತೆಗೆದುಕೊಳ್ಳುವುದಿಲ್ಲ. ಭಾಗಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, “ಸುಳ್ಳು ಕಟ್ಟಿದ ನಾವು ಮಳ್ಳರು, ನೀನೇ ಶಾಣ್ಯಾಕಿ,” ಎಂದಳು. ಶ್ರೀಮಂತ ನಕ್ಕ. ಅವನ ನಗೆ ನೋಡಿ ಎಷ್ಟು ಕಾಲವಾಗಿತ್ತೋ, ಅವಳಿಗೆ ನೆನಪಿರಲಿಲ್ಲ.

ಸಂಜೆಯೊಳಗೆ ಆಚೆ ದಡ ಮುಟ್ಟಬೇಕೆಂದು ಬೀಗ ಎದ್ದ. ಯಶೋದಾಬಾಯಿ ನೀರಿನವರೆಗೂ ಬಂದಳು. ಮನಸ್ಸು ತುಂಬಿ ಬಂದಿತ್ತು. ಮನೆ ತುಂಬುವ ಹುಡುಗಿಯ ಮೇಲೆ ಆಗಲೇ ಅಕ್ಕರೆ ಹುಟ್ಟಿತ್ತು. ಭೀಮಶಾ ದೋಣಿಯನ್ನು ನೀರಿಗೆ ನೂಕಿ ಹತ್ತಿದ ಮೇಲೆ ಅವಳಿಗೆ ಒಂದು ಮಾತು ನೆನಪಾಯಿತು.

“ಬೀಗರ, ಶೀತಲನ್ನೂ ಒಮ್ಮೆ ಕರಕೊಂಡು ಬರ್ರಿ. ಇಲ್ಲಿ ಬಾಳೇವು ಮಾಡೋಕಿ ಆಕಿ. ಈ ನೀರು ನೋಡಿ ಅಂಜಿದ್ರ?”

ತುಳಜಾರಾಮ ದೋಣಿಯಲ್ಲಿ ಕೂತು, ಹಗುರಾದವನಂತೆ ಉಸಿರು ಬಿಟ್ಟ.

“ಅಂಜಲಿ ಅಂತನೇ ಕೊಡಾಕತ್ತೀನ್ರಿ ಅಕ್ಕಾರ. ಮನಸ್ಸಿನ್ಯಾಗ ಯಾವನ್ನೋ ಇಟ್ಟುಕೊಂಡು ಎರಡು ಸಲ ಓಡಿ ಹೋದ್ಳು, ಎರಡು ಸಲಾನೂ ಬಸ್ ಸ್ಟ್ಯಾಂಡಿನಾಗ ಹಿಡಕೊಂಡು ಬಂದೇವು. ಇಲ್ಲಿಂದ ಎಲ್ಲಿ ಓಡ್ತಾಳ?”

“ಭೀಮಶಾ, ದೋಣಿ ತಿರುಗಸೋ!” ಎಂದು ಯಶೋದಾಬಾಯಿ ಮೊಳಕಾಲುದ್ದ ನೀರಿಗಿಳಿದು ಕೂಗಿದಳು. ಮದುವೆಯ ವಯಸ್ಸಿಗೆ ಬಂದ ಇಬ್ಬರು ಗಂಡುಮಕ್ಕಳನ್ನು ಮನೆಯಲ್ಲಿಟ್ಟುಕೊಂಡಿದ್ದ ಭೀಮಶಾ ಕೇಳಿಸದವನಂತೆ ಹುಟ್ಟು ಹಾಕಿದ.