ಮೂಲೆಯ ಎರಡು ಕೆಂಪು ಎಳೆ

ಫಲಕದ ಮೇಲೆ ಹೊದಿಸಿದ್ದ ಬಟ್ಟೆ ಜಾರಿ ಬಿದ್ದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ.

ಸೇಲಂನ ಅಮ್ಮಾಪೇಟೆಯಲ್ಲಿ, ಹೊಸ ಅಂಗಡಿಯ ಎದುರು, ಇಪ್ಪತ್ತು ಮಂದಿ ನೇಕಾರರು ಕತ್ತೆತ್ತಿ ನಿಂತಿದ್ದರು. ಎಂಟಡಿ ಅಗಲದ ಬಿಳಿ ಫಲಕ. ನಡುವೆ ‘ಮುನುಸ್ವಾಮಿ ರೇಷ್ಮೆ ವೇಷ್ಟಿ’ ಎಂದು ತಮಿಳಿನಲ್ಲಿ ಬರೆದಿತ್ತು. ಅದರ ಪಕ್ಕದಲ್ಲಿ, ಓರೆಯಾಗಿ, ಜೊತೆಜೊತೆಗೆ ಎರಡು ಕೆಂಪು ಗೀಟು. ಅಂಗಡಿ ತೆರೆಯುತ್ತಿದ್ದ ಮಾಲತಿ ಮೊದಲು ಜನರ ಮುಖ ನೋಡಿದಳು, ಆಮೇಲೆ ಅಪ್ಪನದು. ಮುನುಸ್ವಾಮಿ ಫಲಕ ನೋಡುತ್ತಿರಲಿಲ್ಲ. ತಲೆ ತಗ್ಗಿಸಿ ತನ್ನ ಕಾಲ್ಬೆರಳು ನೋಡುತ್ತಿದ್ದ.

ಆ ಗುರುತಿಗಾಗಿ ಅವಳು ಎರಡು ತಿಂಗಳು ತಲೆ ಕೆಡಿಸಿಕೊಂಡಿದ್ದಳು. ಬೋರ್ಡ್ ಬರೆಯುವ ಶರವಣಕುಮಾರ್ ನವಿಲು, ಶಂಖ, ತಾವರೆ ಎಲ್ಲ ಬರೆದು ತೋರಿಸಿದ್ದ. ಈ ಊರಲ್ಲಿ ನವಿಲಿಲ್ಲದ ಜವಳಿ ಅಂಗಡಿ ಯಾವುದಿದೆ ಎಂದು ಅವಳು ತಳ್ಳಿಹಾಕಿದ್ದಳು. ಹಾಗಾದರೆ ಬೇರೆ ಯಾರ ಹತ್ತಿರವೂ ಇಲ್ಲದ್ದು ನಿಮ್ಮ ಮನೆಯಲ್ಲಿ ಏನಿದೆ ಎಂದು ಅವನು ಕೇಳಿದ. ಮಾರನೆಯ ದಿನ ಅವಳು ಏಳು ರೇಷ್ಮೆ ವೇಷ್ಟಿ, ಎಲ್ಲ ಅಪ್ಪನ ಹಳೇ ಪಂಚೆಗಳೇ, ತಂದು ಅವನ ಮುಂದೆ ಹರಡಿದಳು. ಅಪ್ಪ ತನ್ನ ಮದುವೆಗೆ ಉಟ್ಟದ್ದು, ಚಿಕ್ಕಪ್ಪನ ಮದುವೆಗೆ ಉಟ್ಟದ್ದು, ದೀಪಾವಳಿಗೆ ಉಡುತ್ತಿದ್ದದ್ದು. ಏಳರ ಮೂಲೆಯಲ್ಲೂ ಸೂಜಿಯಿಂದ ಹಾಕಿದ ಎರಡು ಕೆಂಪು ಎಳೆ. ಮಗ್ಗದಿಂದ ಇಳಿಸಿದ ಮೇಲೆ ಅಪ್ಪ ಕಡೆಯಲ್ಲಿ ಹಾಕುವ ಸಹಿ ಅದು, ಎಂದು ಅವಳು ವಿವರಿಸಿದಳು. ಶರವಣಕುಮಾರನ ಕಣ್ಣು ಅರಳಿತು. ಅಪ್ಪನಿಗೆ ಒಂದು ಮಾತೂ ತಿಳಿಸದೆ ಸಾವಿರ ಲೇಬಲ್, ಐನೂರು ರಟ್ಟಿನ ಪೆಟ್ಟಿಗೆ ಅಚ್ಚಾದವು.

ಮೊದಲು ಬಾಯಿ ಬಿಟ್ಟವಳು ಎದುರುಮನೆಯ ಪೊನ್ನಮ್ಮ. ಮೂರು ಮಗ್ಗ ನಡೆಸುವ ಹೆಂಗಸು. ಅಂಗಡಿಗೆ ಸರಕು ಕೊಡಲು ಒಪ್ಪಿದ್ದ ಒಂಬತ್ತು ಮನೆಗಳೂ ಅವಳ ಮಾತಿನ ಮೇಲೆಯೇ ಒಪ್ಪಿದ್ದವು.

“ಮಾಲ್ತಿ, ಇದ್ನ ಯಾರು ಬರೆಸಿದ್ದು?”

“ನಾನೇ ಕಣತ್ತೆ. ಅಪ್ಪನ ಗುರ್ತು.”

“ನಿಮ್ಮಪ್ಪಂದಲ್ಲ ಕಣಮ್ಮ, ನಾವು ನೇಯ್ದು ಕೊಡ್ತೀವಲ್ಲ, ಆ ಸೊಸೈಟಿಯೋರ್ದು. ಎಳೆ ತಪ್ಪಿದ್ದು, ಕಲೆ ಬಿದ್ದಿದ್ದು ಕಂಡ್ರೆ ಮೂಲೇಲಿ ಕೆಂಪು ದಾರ ಆಕಿ ವಾಪಸ್ ಬಿಸಾಕ್ತಾರೆ. ಎಲ್ಲೂ ಮಾರಂಗಿಲ್ಲ, ನೀವೇ ಉಟ್ಕಳಿ ಅಂತಾರೆ.”

ಮಾಲತಿ ಟೈಪಿಂಗ್ ಕಲಿತು ಆಫೀಸು ಸೇರಿದವಳು. ಸೊಸೈಟಿಯಲ್ಲಿ ಬಟ್ಟೆ ಪರೀಕ್ಷೆ ಮಾಡುವ ಕೋಣೆಗೆ ಒಂದು ದಿನವೂ ಕಾಲಿಟ್ಟಿರಲಿಲ್ಲ. ಹಾಗಿದ್ದರೆ ಒಂದೋ ಎರಡೋ ಇರಬೇಕಿತ್ತು, ಮನೆಯಲ್ಲಿದ್ದ ಏಳಕ್ಕೆ ಏಳಕ್ಕೂ ಇದೆಯಲ್ಲ, ಎಂದು ಕೇಳಿದಳು.

“ಒಳ್ಳೇದು ಮನೇಲಿ ಎಂಗಿರ್ತದೆ?” ಎಂದಳು ಪೊನ್ನಮ್ಮ. “ಇಳಿಸಿದ ಬೆಳಗ್ಗೇನೇ ಮಾರಾಟಕ್ಕೆ ಓಗ್ಬಿಡ್ತದೆ.”

ಹಿಂದೆ ನಿಂತಿದ್ದ ಯಾರೋ ಕಿಸಕ್ಕೆಂದು ನಕ್ಕು ಸುಮ್ಮನಾದರು. ಇಬ್ಬರು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು. ಪೊನ್ನಮ್ಮ ದನಿ ಏರಿಸದೆ, ಈ ಗುರುತಿನ ಕೆಳಗೆ ತಮ್ಮ ಒಂದು ಗಜ ಬಟ್ಟೆಯೂ ಕೂರುವುದಿಲ್ಲ ಎಂದು ಹೇಳಿದಳು. ಮದುವೆಗೆ ಕೊಳ್ಳುವವರಿಗೆ ತಿಳಿಯದಿರಬಹುದು, ಎಡಪ್ಪಾಡಿಯಿಂದ ಬರುವ ವ್ಯಾಪಾರಿಗಳಿಗೆ ತಿಳಿಯದೆ ಇರುತ್ತದೆಯೇ? ಒಂಬತ್ತು ಮನೆಯ ಹೆಸರು ಒಂದೇ ದಿನದಲ್ಲಿ ಹೋಗುತ್ತದೆ. ಮಾಲತಿ ಬೋರ್ಡ್ ಬರೆದವನ ಕಡೆ ತಿರುಗಿದಳು. ಶರವಣಕುಮಾರ್ ಆಗಲೇ ಏಣಿ ಹತ್ತಿದ್ದ. ಬಣ್ಣ ಪೂರ್ತಿ ಒಣಗಿಲ್ಲ, ಟರ್ಪಂಟೈನ್ ಹಾಕಿ ಒರೆಸಿದರೆ ಹೋಗುತ್ತದೆ, ಎಂದು ಮೇಲಿನಿಂದ ಹೇಳಿದ. ಲೇಬಲ್ಲುಗಳನ್ನು ಏನು ಮಾಡುವುದೆಂದು ಯಾರೂ ಕೇಳಲಿಲ್ಲ. ಗೀಟು ಹೋಗಿ ಬಿಳಿ ಕಂಡ ಮೇಲೆ ಪೊನ್ನಮ್ಮ, ಮಧ್ಯಾಹ್ನ ಬಟ್ಟೆ ಕಳಿಸುತ್ತೇನೆಂದು ಹೇಳಿ ರಸ್ತೆ ದಾಟಿದಳು.

ಅಂಗಡಿಯೊಳಗೆ ಅಪ್ಪ ಮಗಳು ಇಬ್ಬರೇ ಉಳಿದರು. ಅಂಗಡಿ ತೆರೆಯುವ ದೀಪ ಹಚ್ಚಲು ಇನ್ನೂ ಅರ್ಧ ಗಂಟೆ ಇತ್ತು.

“ನೀನು ಸಣ್ಣೋಳಿದ್ದಾಗ ಕೇಳಿದ್ದೆ, ಇದೇನಪ್ಪಾ ಕೆಂಪುಗೆ ಅಂತ,” ಎಂದ ಮುನುಸ್ವಾಮಿ. ಆ ಬೆಳಗ್ಗೆ ಅವನಾಡಿದ ಮೊದಲ ಮಾತು ಅದು. “ನಂದೇ ಗುರ್ತು ಅಂದ್ಬಿಟ್ಟೆ. ಇನ್ನೇನಂತ ಯೋಳ್ಲಿ?”

ಮಾಲತಿ ಕಪಾಟಿನ ಮೇಲಿನ ಸಾಲಿನಿಂದ ಒಂದು ವೇಷ್ಟಿ ತೆಗೆದಳು. ಕಳೆದ ವಾರ ಅವನೇ ನೇಯ್ದು ಇಳಿಸಿದ್ದು. ಒಂದು ಎಳೆ ಆಚೀಚೆ ಇಲ್ಲ. ಇದನ್ನು ಉಟ್ಟುಕೊಂಡೇ ದೀಪ ಹಚ್ಚಬೇಕು ಎಂದು ಅವನ ಕೈಗಿಟ್ಟಳು.

ಮುನುಸ್ವಾಮಿ ಅದನ್ನು ಬಿಚ್ಚಿದ. ಹೆಬ್ಬೆರಳು ತಾನಾಗಿ ಒಂದು ಮೂಲೆಗೆ ಹೋಯಿತು, ಆಮೇಲೆ ಇನ್ನೊಂದಕ್ಕೆ. ನಾಲ್ಕೂ ಮೂಲೆ ಸವರಿ ನೋಡಿ, ಎಲ್ಲೂ ಕೆಂಪು ಎಳೆ ಕೈಗೆ ಸಿಗದೆ, ಬಂದ ಮಡಿಕೆಯಲ್ಲೇ ಮಡಿಸಿ, ಕಪಾಟಿನಲ್ಲಿ ಅದೇ ಜಾಗಕ್ಕೆ ಇಟ್ಟ.

“ಇದು ಬ್ಯಾರೇರ್ದು ಕಣವ್ವ,” ಎಂದ. “ಮನೇಗೋಗಿ ನಂದು ತಗಂಬಾ.”